ಕೆಂಪು ದಾರದ ಹೇಂಟೆಗಳು

ಅಕ್ಕ ರೋಹಾನಾ ಬಾವಿಕಟ್ಟೆಯ ಬಳಿ ಜಾರಿಬಿದ್ದು ಕಾಲು ಮುರಿದುಕೊಂಡಳೆಂಬ ಸುದ್ದಿ ಬಂದಾಗ ಇಮಾಸ್ ಉಟ್ಟ ಬಟ್ಟೆಯಲ್ಲೇ ಹೊರಟಿದ್ದಳು. ನಾಲ್ಕು ದಿನ ಅಕ್ಕನ ಆರೈಕೆ ಮಾಡಿ, ಗುರುವಾರ ಮಧ್ಯಾಹ್ನ ಬಾಡಿಗೆ ವ್ಯಾನಿನಲ್ಲಿ ಕುಲುಕುತ್ತಾ ಮನೆಗೆ ಮರಳುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ಮಗಳು ಲಿಲಿಸ್ ಅಡುಗೆಮನೆಯಲ್ಲಿ ಚಾಪೆ ಹಾಸಿ ಅನ್ನ ಬಡಿಸಿದಳು. ಜೊತೆಗೆ ಮೆಣಸಿನಕಾಯಿ ಚಟ್ನಿ, ಹಸಿ ಬದನೆ, ಸೌತೆಹೋಳು, ಒಂದು ಬಟ್ಟಲು ತೆಂಗಿನಹಾಲಿನ ಕೋಳಿ ಸಾರು.

"ನಿನ್ನೆ ನೆಂಟ್ರು ಬಂದಿದ್ರು. ಉಳಿದಿದ್ದನ್ನ ನಿನಗೆ ಅಂತ ಎತ್ತಿಟ್ಟಿದ್ದೆ," ಎಂದಳು ಲಿಲಿಸ್.

ಇಮಾಸ್ ಎರಡು ತುಂಡು ತಿಂದಳು. ಮೂರನೆಯದನ್ನು ಜಗಿಯುತ್ತಾ, "ಎಷ್ಟು ಬಲಿತುಹೋಗಿದೆಯಲ್ಲೇ! ಬರೀ ನಾರು. ಯಾವ ಕೋಳಿ ಇದು?" ಎಂದಳು.

ಲಿಲಿಸ್ ನೀರಿನ ಲೋಟ ತರುವ ನೆಪದಲ್ಲಿ ಅತ್ತ ತಿರುಗಿದಳು. ಜಗಲಿಯಲ್ಲಿ ಕುಳಿತಿದ್ದ ಇಮಾಸ್‌ಳ ಮಾವ ಸುಹಾಯ ಅಲ್ಲಿಂದಲೇ ಉತ್ತರ ಕೊಟ್ಟ. ಎಪ್ಪತ್ತು ದಾಟಿದ ಮನುಷ್ಯ. ಮನೆಯವರಿಗೂ ಊರಿಗೂ ಅವನು 'ಅಬಾ'.

"ಇನ್ಯಾವುದು? ಆ ಕುಂಟ ಮುದುಕಿ. ಎರಡು ವರ್ಷದಿಂದ ಒಂದು ಮೊಟ್ಟೆ ಇಟ್ಟಿರಲಿಲ್ಲ. ಹಾಜಿ ಕೋಸಾಸಿ ಹೇಳದೆ ಕೇಳದೆ ಬಂದ್ಬಿಟ್ಟ. ಮನೆಗೆ ಬಂದವನಿಗೆ ಬರೀ ಸೊಪ್ಪು ಹಾಕೋಕಾಗುತ್ತಾ?"

ಇಮಾಸ್ ಬಾಯಲ್ಲಿದ್ದುದನ್ನು ಉಗುಳಲಿಲ್ಲ. ಉಗುಳುವುದಕ್ಕೂ ಮನಸ್ಸಾಗಲಿಲ್ಲ. ನುಂಗಿದಳು. ತಟ್ಟೆ ತೊಳೆದಳು, ಕೈ ತೊಳೆದಳು, ಮತ್ತೊಮ್ಮೆ ತೊಳೆದಳು. ಆಮೇಲೆ ಹಿತ್ತಲಿನ ಬಿದಿರಿನ ಗೂಡಿಗೆ ಹೋಗಿ ನಿಂತಳು.

ಆ ಕೋಳಿಗೆ ಅವಳು ಇಟ್ಟಿದ್ದ ಹೆಸರೇ 'ಅಜ್ಜಿ'. ಮದುವೆಯಾಗಿ ಈ ಮನೆಗೆ ಬಂದಾಗ ಇಮಾಸ್‌ಳ ಅಪ್ಪ ದುಲಾ ಮಗಳ ಸೆರಗಿನಲ್ಲಿ ಪೆಲುಂಗ್ ತಳಿಯ ಎರಡು ಹೇಂಟೆಮರಿಗಳನ್ನು ಕಟ್ಟಿ ಕಳಿಸಿದ್ದ. ಅಜ್ಜಿ ಅವುಗಳ ಮೊಮ್ಮಗಳು. ಚಿಯಾಂಜುರ್ ಸೀಮೆಯಲ್ಲಿ ಪೆಲುಂಗ್ ಹುಂಜವೆಂದರೆ ಮಾಂಸಕ್ಕಲ್ಲ, ಕಾಳಗಕ್ಕೂ ಅಲ್ಲ, ದನಿಗೆ. ಕೊರಳನ್ನು ಬಿಲ್ಲಿನಂತೆ ಬಗ್ಗಿಸಿ, ನೆಲ ಮುಟ್ಟುವವರೆಗೆ ಕೂಗನ್ನು ಎಳೆದರೆ ಕೇಳುವವರು ಉಸಿರು ಬಿಗಿಹಿಡಿದು ನಿಲ್ಲಬೇಕು. ಅಬಾನ ಹುಂಜ ಲಾಯುಂಗ್ ಮೂರು ವರ್ಷ ಜಿಲ್ಲೆಯ ಸ್ಪರ್ಧೆಯಲ್ಲಿ ಗೆದ್ದು, ಅವನ ಹೆಸರನ್ನು ಬಾಂದುಂಗ್‌ವರೆಗೆ ಮುಟ್ಟಿಸಿತ್ತು. ಲಾಯುಂಗ್‌ನನ್ನು ಹೆತ್ತವಳು ಅಜ್ಜಿ. ಗೂಡಿನಲ್ಲಿದ್ದ ಹದಿನಾಲ್ಕು ಹೇಂಟೆಗಳಲ್ಲಿ ಐದು ಅಜ್ಜಿಯ ಮಕ್ಕಳು, ಮೊಮ್ಮಕ್ಕಳು. ಅವುಗಳ ಕಾಲಿಗೆ ಇಮಾಸ್ ಕೆಂಪು ದಾರ ಕಟ್ಟಿದ್ದಳು. ಮಿಕ್ಕವು ಬೆರಕೆ, ಕಾವು ಕೂರಲಿಕ್ಕೆ, ಮನೆಖರ್ಚಿನ ಮೊಟ್ಟೆಗೆ.

ಹಿತ್ತಲಲ್ಲಿ ಗಂಡ ಯಾಯತ್ ಹುಂಜದ ಎತ್ತರದ ಪಂಜರ ತೊಳೆಯುತ್ತಿದ್ದ. ಹೆಂಡತಿಯನ್ನು ಕಂಡು ಪೊರಕೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದ.

"ಕುಯ್ದೋರು ಯಾರು?"

"ಅಬಾ ಹೇಳಿದ್ರು ಕಣೇ."

"ಹೇಳಿದ್ದು ಯಾರು ಅಂತ ಕೇಳ್ಲಿಲ್ಲ. ಕುಯ್ದಿದ್ದು ಯಾರು?"

ಯಾಯತ್ ಪೊರಕೆ ಕೆಳಗಿಟ್ಟ.

"ಹೋಗೋವಾಗ ನಿಮ್ಗೆ ಏನು ಹೇಳಿ ಹೋಗಿದ್ದೆ? ಅಜ್ಜಿಗೆ ತೌಡು ನೆನೆಸಿ ಹಾಕಿ, ಅವಳಿಗೆ ಕಾಳು ಕುಕ್ಕೋಕಾಗಲ್ಲ ಅಂತ ಹೇಳಿದ್ನಾ ಇಲ್ವಾ?"

"ಹೇಳಿದ್ದೆ. ನಾನೂ ಹಾಕಿದ್ದೆ. ಮೂರು ದಿನ ಹಾಕಿದ್ದೆ." ಅವನ ದನಿ ಇಳಿಯಿತು. "ಅಬಾ ಎದುರಿಗೆ ನಾನು ಯಾವಾಗ ಬಾಯಿ ಬಿಟ್ಟಿದ್ದೀನಿ ಹೇಳು."

ಆ ಮಾತು ಜಗಲಿಗೆ ಕೇಳಿಸಿತೇನೋ, ಅಬಾ ಕೋಲೂರುತ್ತಾ ಹಿತ್ತಲಿಗೇ ಬಂದ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ಕಣ್ಣಿನಲ್ಲಿ ಲಾಯುಂಗ್ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

"ಒಂದು ಮುದಿ ಕೋಳಿಗೆ ಇಷ್ಟೊಂದು ರಗಳೆನಾ? ಹೇಂಟೆ ಅಂದ್ರೆ ಚೀಲ ಕಣಮ್ಮ. ನಾವು ಏನು ತುಂಬ್ತೀವೋ ಅದು ಆಚೆ ಬರುತ್ತೆ. ದನಿ ಬರೋದು ಹುಂಜದಿಂದ. ಐವತ್ತು ವರ್ಷದಿಂದ ಸಾಕ್ತಾ ಇದ್ದೀನಿ, ನನಗೆ ಹೇಳಿಕೊಡ್ತೀಯಾ?"

"ಅವಳು ನಮ್ಮಪ್ಪನ ಮನೆಯಿಂದ ಬಂದೋಳು, ಅಬಾ."

"ನಿಮ್ಮಪ್ಪ!" ಅಬಾ ನಕ್ಕ. "ನಿಮ್ಮಪ್ಪನ ಹುಂಜ ಯಾವತ್ತಾದ್ರೂ ಸ್ಪರ್ಧೆ ಮೈದಾನದ ಮಣ್ಣು ಮೆಟ್ಟಿತ್ತಾ? ಸಾರು ಹೇಗಿತ್ತು ಅದನ್ನ ಹೇಳು."

ಇಮಾಸ್ ಅವನ ಮುಖವನ್ನೇ ನೋಡಿದಳು. "ಚೆನ್ನಾಗಿತ್ತು ಅಬಾ," ಎಂದಳು. ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ. ಅವತ್ತು ಸಂಜೆ ಎಂದಿನಂತೆ ಒಣಮೀನು ಹುರಿದು, ಸೊಪ್ಪು ಬೇಯಿಸಿ, ಎಲ್ಲರಿಗೂ ಬಡಿಸಿದಳು. ಯಾಯತ್ ಮಾತ್ರ ಅರ್ಧ ತಟ್ಟೆ ಬಿಟ್ಟು ಎದ್ದ.

ಮರುದಿನ ಶುಕ್ರವಾರ. ನಡುಮಧ್ಯಾಹ್ನ ಊರಿನ ಗಂಡಸರೆಲ್ಲ ಮಸೀದಿಗೆ ಹೋದರು. ಲಿಲಿಸ್ ಹಳ್ಳದ ಕಡೆ ಬಟ್ಟೆ ಒಗೆಯಲು ಹೋಗಿದ್ದಳು. ಇಮಾಸ್ ಕತ್ತರಿ ಹಿಡಿದು ಗೂಡಿನೊಳಗೆ ಕುಕ್ಕರುಗಾಲಲ್ಲಿ ಕುಳಿತು, ಐದು ಹೇಂಟೆಗಳ ಕಾಲಿನ ಕೆಂಪು ದಾರವನ್ನು ಗಂಟಿನ ಬಳಿ ಕತ್ತರಿಸಿ ಬಿಚ್ಚಿದಳು. ಬೆರಕೆಗಳಲ್ಲಿ ಮೈಕಟ್ಟು ಬಣ್ಣ ಹೋಲುವ ಐದನ್ನು ಆರಿಸಿ, ಅವುಗಳ ಕಾಲಿಗೆ ಹಳೆಯ ದಾರವನ್ನೇ ಕಟ್ಟಿ, ಮೊದಲಿನಂಥದೇ ಗಂಟು ಹಾಕಿದಳು. ಪ್ರಾರ್ಥನೆ ಮುಗಿಸಿ ಗಂಡಸರು ಬರುವ ಹೊತ್ತಿಗೆ ಅವಳು ಒಲೆಯ ಮುಂದೆ ಸೋಯಾಕಾಳಿನ ತೆಂಪೆ ಬಿಲ್ಲೆ ಕರಿಯುತ್ತಿದ್ದಳು.

ಭಾನುವಾರ ಹಾಜಿ ಕೋಸಾಸಿ ಮತ್ತೆ ಬಂದ. ಪೆಲುಂಗ್ ಸಾಕುವವರ ಸಂಘದಲ್ಲಿ ಅವನ ಮಾತೇ ಮಾತು. ಲಾಯುಂಗ್‌ನ ಹೊಸ ಸಂತಾನದಲ್ಲಿ ಆರು ಪಡ್ಡೆ ಹುಂಜ ತನಗೆ ಬೇಕು ಎಂದು ಅಬಾನ ಬಾಯಿಂದ ಮಾತು ತೆಗೆದುಕೊಳ್ಳಲು ಬಂದಿದ್ದ.

"ಕೆಂಪು ದಾರದ ಹೇಂಟೆಗಳ ಮರಿ ಆಗಿರಬೇಕು ಅಬಾ. ಬೇರೆ ಬೇಡ."

"ಸುಹಾಯ ಮಾತು ಕೊಟ್ಟ ಅಂದ್ರೆ ಮುಗೀತು. ಬರೋ ಸ್ಪರ್ಧೆಲಿ ಎಳೆ ಹುಂಜಗಳ ಸಾಲಲ್ಲಿ ನಿಮ್ಮೆದುರಿಗೇ ಕೂಗಿಸ್ತೀನಿ. ಕೇಳಿ ಆಮೇಲೆ ಮಾತಾಡಿ."

ಇಮಾಸ್ ಚಹಾ ಇಟ್ಟು, ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದಳು: "ಅಬಾ, ದಾರ ಇಲ್ಲದ ಹೇಂಟೆಗಳು ಸುಮ್ನೆ ತಿಂತಾ ಬಿದ್ದಿವೆ. ಅಕ್ಕನಿಗೆ ಕಾಲು ಮುರಿದಿದೆ, ಮೊಟ್ಟೆಗಾದ್ರೂ ಆಗುತ್ತೆ. ಅದರಲ್ಲಿ ಒಂದೈದು ತಗೊಂಡು ಹೋಗ್ಲಾ?"

"ತಗೊಂಡು ಹೋಗು, ಯಾರು ಬೇಡ ಅಂದ್ರು? ಗಡಿಗೆಗೆ ಹಾಕೋ ಕೋಳಿಗೆ ನಾನ್ಯಾಕೆ ಅಕ್ಕಿ ಸುರೀಲಿ?"

"ಆಮೇಲೆ ವಾಪಸ್ ಕೇಳ್ಬಾರ್ದು."

"ಹಾಜಿ, ನೋಡಿದ್ರಾ ನನ್ನ ಸೊಸೆ ವ್ಯಾಪಾರ! ಕೇಳಲ್ಲ ಕಣಮ್ಮ. ನನ್ನ ಬಾಯಿಂದಲೇ ಹೇಳ್ತಿದ್ದೀನಿ, ಅವು ಇವತ್ತಿಂದ ನಿನ್ನವು. ಹಾಜಿನೇ ಸಾಕ್ಷಿ."

ಹಾಜಿ ನಗುತ್ತಾ ತಲೆಯಾಡಿಸಿದ. ಅವತ್ತೇ ಮಧ್ಯಾಹ್ನದ ವ್ಯಾನಿನಲ್ಲಿ ಅಜ್ಜಿಯ ವಂಶವೆಲ್ಲ ಎರಡು ಬಿದಿರಿನ ಬುಟ್ಟಿಗಳಲ್ಲಿ ಕುಳಿತು ರೋಹಾನಾಳ ಊರು ಸೇರಿತು.

ರೋಹಾನಾ ಗಂಡನನ್ನು ಕಳೆದುಕೊಂಡ ಮೇಲೆ ತವರಿನ ಹಳೆಯ ಮನೆಯಲ್ಲೇ ಇದ್ದಳು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದವಳು ಬುಟ್ಟಿಯೊಳಗೆ ಇಣುಕಿ, ಒಂದು ಹೇಂಟೆಯನ್ನು ಎತ್ತಿ ನೋಡಿ, ತಂಗಿಯ ಮುಖ ನೋಡಿದಳು.

"ಇದು ಅಪ್ಪನ ಕೋಳಿ ಅಲ್ವೇನೇ?"

"ಹೂಂ."

"ಹುಂಜ?"

"ಹುಂಜ ಅಲ್ಲೇ ಇದೆ. ಆದ್ರೆ ಇವತ್ತು ಬೆಳಗ್ಗೆವರೆಗೂ ಇವು ಲಾಯುಂಗ್ ಜೊತೇಲಿ ಇದ್ವು. ಇನ್ನು ಹತ್ತು ಹನ್ನೆರಡು ದಿನ ಇವು ಇಡೋ ಮೊಟ್ಟೆಯೆಲ್ಲ ಅವನದೇ. ಅಪ್ಪ ಹೇಳ್ತಿರಲಿಲ್ವಾ, ಹುಂಜ ಹೋದ್ರೂ ಹೇಂಟೆ ಎರಡು ಶುಕ್ರವಾರ ನೆನಪಿಟ್ಕೊಂಡಿರುತ್ತೆ ಅಂತ?"

ರೋಹಾನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇದು ಕಳ್ಳತನ ಆಗಲ್ವಾ?" ಎಂದಳು.

"ಅವರ ಬಾಯಿಂದಲೇ ಕೊಟ್ಟಿದ್ದು. ಹಾಜಿ ಸಾಕ್ಷಿ."

"ಮನೆ ಮುರಿಯೋ ಕೆಲಸ ಕಣೇ."

"ನನಗೆ ನನ್ನ ಅಜ್ಜಿನೇ ಬಡಿಸಿ, ಸಾರು ಹೇಗಿತ್ತು ಅಂತ ಕೇಳಿದ್ರಲ್ಲ ಅಕ್ಕ. ಆವಾಗ ಮನೆ ಎಲ್ಲಿತ್ತು?"

ಹನ್ನೆರಡು ದಿನದಲ್ಲಿ ಮೂವತ್ತೊಂದು ಮೊಟ್ಟೆ. ಇಮಾಸ್ ದಿನ ಬಿಟ್ಟು ದಿನ ಬಂದು ಅವನ್ನು ಭತ್ತದ ಹೊಟ್ಟಿನಲ್ಲಿ ಮಗುಚಿಡುತ್ತಿದ್ದಳು. ನೆರೆಯವರಿಂದ ಕಾವಿಗೆ ಬಂದ ಮೂರು ಊರಕೋಳಿಗಳನ್ನು ಎರವಲು ತಂದು ಕೂರಿಸಿದಳು. ಇಪ್ಪತ್ತಾರು ಮರಿ ಆದವು. ಅಕ್ಕನ ಕಾಲಿನ ನೆಪ ಇದ್ದುದರಿಂದ ಅವಳ ಓಡಾಟವನ್ನು ಯಾರೂ ಪ್ರಶ್ನಿಸಲಿಲ್ಲ.

ಇತ್ತ ಅಬಾನ ಹಿತ್ತಲಿನಲ್ಲೂ ಅದೇ ವಾರ ಮೊಟ್ಟೆ ಒಡೆದು ಮರಿಗಳಾದವು. ಒಂದು ಬೆಳಗ್ಗೆ ಗಂಜಿ ಕುಡಿಯುತ್ತಾ ಲಿಲಿಸ್ ಹೇಳಿದಳು: "ಅಬಾ, ಈ ಸಲದ ಮರಿಗಳನ್ನ ನಾನು ಬೆಳೆಸ್ತೀನಿ. ಒಬ್ಬಳೇ. ಯಾರೂ ಕೈ ಹಾಕ್ಬಾರ್ದು."

ಅಬಾನ ಮುಖ ಅರಳಿತು. "ಹೆಣ್ಣು ಹುಡುಗಿ ಹುಂಜ ಪಳಗಿಸ್ತಾಳಾ? ಆಗ್ಲಿ, ನೋಡೇಬಿಡೋಣ! ಯಾಯತ್, ಕೇಳಿದ್ಯಾ? ನಿನಗಿಲ್ಲದ ಗಂಡಸುತನ ನಿನ್ನ ಮಗಳಿಗೆ ಬಂದಿದೆ."

ಇಮಾಸ್‌ಳ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಗುಲಿತು. "ನಿನಗ್ಯಾಕೆ ಈ ಕೋಳಿ ಉಸಾಬರಿ? ಹೊಲಿಗೆ ಕಲೀತೀನಿ ಅಂತಿದ್ಯಲ್ಲ."

"ಹೊಲಿಗೆ ಎಲ್ಲರೂ ಕಲೀತಾರೆ."

"ಇನ್ನೊಂದು ವರ್ಷ ಬಿಟ್ಟು ಶುರುಮಾಡು. ಈ ಸಲದ ಮರಿ ಯಾಕೋ ಸಪ್ಪಗಿವೆ."

"ನೀನೇ ಕಟ್ಟಿದ ಕೆಂಪು ದಾರ ಅಲ್ವಾ ಅಮ್ಮ? ಸಪ್ಪಗ್ಯಾಕೆ ಇರ್ತಾವೆ?"

ಹೇಳಿಬಿಡಬಹುದಿತ್ತು. ಮಗಳನ್ನು ಹಳ್ಳದ ಕಡೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ಲಿಲಿಸ್ ಅಬಾನ ಮೊಮ್ಮಗಳು. ಮೂರು ವರ್ಷದ ಮಗುವಾಗಿದ್ದಾಗಿನಿಂದ ಅವನ ಕೋಲು ಹಿಡಿದು ಹಿಂದೆ ಸುತ್ತಿದವಳು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಲ್ಲದೆ ಆ ಗುರುವಾರ ಗೊತ್ತಿದ್ದೂ ಬಡಿಸಿದವಳು ಅವಳೇ. ಇಮಾಸ್ ಸೌಟನ್ನು ಗಂಜಿಯಲ್ಲಿ ಮುಳುಗಿಸಿ, "ನಿನ್ನಿಷ್ಟ," ಎಂದುಬಿಟ್ಟಳು.

ಲಿಲಿಸ್ ಆಟಕ್ಕೆ ಹೇಳಿರಲಿಲ್ಲ. ಬೆಳಕು ಹರಿಯುವ ಮುನ್ನ ಎದ್ದು ಮರಿಗಳನ್ನು ಬಿಸಿಲಿಗೆ ಬಿಡುವಳು. ಜೋಳದ ನುಚ್ಚು, ಬೇಯಿಸಿದ ಮೊಟ್ಟೆಯ ಹಳದಿ, ಸಣ್ಣಗೆ ಹೆಚ್ಚಿದ ಕೆಸುವಿನೆಲೆ. ಅವುಗಳಲ್ಲಿ ಒಂದು ಎಳೆ ಹುಂಜವನ್ನು ಆರಿಸಿ ಅದಕ್ಕೆ 'ಗುಂತುರ್' ಎಂದು ಹೆಸರಿಟ್ಟಳು, ಗುಡುಗು ಎಂದು. ವಾರಕ್ಕೆರಡು ಬಾರಿ ಬೆಚ್ಚಗಿನ ನೀರಲ್ಲಿ ಅದನ್ನು ತೊಳೆದು, ಮಡಿಲಲ್ಲಿ ಕೂರಿಸಿಕೊಂಡು ಕೊರಳು ನೀವುವಳು. ಗುಂತುರ್ ನೋಡಲಿಕ್ಕೆ ಎತ್ತರವಾಗಿ, ಚೆಲುವಾಗಿ ಬೆಳೆಯಿತು. ಮಗಳ ಕೈ ಎಷ್ಟು ಚೆನ್ನಾಗಿದೆ ಎಂದು ಇಮಾಸ್‌ಗೆ ಕಾಣುತ್ತಿತ್ತು. ಕಂಡಷ್ಟೂ ಅವಳು ಅತ್ತ ನೋಡುವುದನ್ನು ಕಡಿಮೆ ಮಾಡಿದಳು.

ಇಪ್ಪತ್ತನೆಯ ವಾರದ ಹೊತ್ತಿಗೆ ಪಡ್ಡೆಗಳು ದನಿ ತೆಗೆಯತೊಡಗಿದವು. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದುಹೋಗುವ ಕೂಗು. ಸಂತೆಯಲ್ಲಿ ಕಾಲು ಕಟ್ಟಿ ಮಾರುವ ಯಾವ ಹುಂಜವಾದರೂ ಹಾಗೆ ಕೂಗುತ್ತದೆ.

"ಗಂಟಲಲ್ಲಿ ಕಫ," ಎಂದ ಅಬಾ ಊಟದ ನಡುವೆ. "ಶುಂಠಿ ಜಜ್ಜಿ ಜೇನಲ್ಲಿ ಕಲಸಿ ಕೊಡಿ."

"ಕೊಡ್ತೀನಿ ಅಬಾ," ಎಂದು ಇಮಾಸ್ ಎದ್ದು ಶುಂಠಿ ಜಜ್ಜಿದಳು. ಅಷ್ಟು ಉತ್ಸಾಹದಿಂದ ಅವಳು ಆ ಮನೆಯಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮುಂದಿನ ವಾರ ಶುಂಠಿಯ ಜೊತೆಗೆ ಅರಿಶಿನ. ಅದರ ಮುಂದಿನ ವಾರ ಅಬಾ ಮಗನ ಮೇಲೆ ಹರಿಹಾಯ್ದ.

"ನೀರಿಗೆ ಏನು ಹಾಕ್ತಿದ್ದೀಯೋ? ಲಾಯುಂಗ್ ಹೊಟ್ಟೇಲಿ ಹುಟ್ಟಿದವು ಹೀಗೆ ಕೂಗ್ತಾವಾ?"

"ನಾನೇನ್ ಮಾಡ್ಲಿ ಅಬಾ? ಸಾಕೋದು ಲಿಲಿಸ್, ನಾನು ಮೊದಲಿನ ಹಾಗೇ ನೀರು ತುಂಬಿಡ್ತಿದ್ದೀನಿ ಅಷ್ಟೆ."

"ಹುಂಜಕ್ಕೆ ವಯಸ್ಸಾಯ್ತೇನೋ ಅಬಾ," ಎಂದಳು ಇಮಾಸ್, ಅವನ ತಟ್ಟೆಗೆ ಇನ್ನೊಂದು ಮೀನು ಹಾಕುತ್ತಾ. "ಚೀಲ ಮಾತ್ರ ಅದೇ ಇದೆಯಲ್ಲ."

ಅಬಾ ಸೊಸೆಯ ಕಡೆ ನೋಡಿದ. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ, ಮೀನು ಬಿಟ್ಟು ಕೈ ತೊಳೆದ.

ರೋಹಾನಾಳ ಅಂಗಳದಲ್ಲಿ ಬೇರೆಯದೇ ದನಿ ಏಳುತ್ತಿತ್ತು. ಹನ್ನೊಂದು ಪಡ್ಡೆಗಳಲ್ಲಿ ಒಂದು, ಮೈಯೆಲ್ಲ ಕಪ್ಪು, ಕತ್ತಿನಲ್ಲಿ ಮಾತ್ರ ಕಂದು ಗರಿ, ಕೊರಳು ಬಗ್ಗಿಸಿತೆಂದರೆ ಬೇಲಿಯಾಚೆ ಗದ್ದೆಯಲ್ಲಿ ಕಳೆ ಕೀಳುವವರು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಒಂದು ದಿನ ಯಾಯತ್ ಅಕ್ಕಿ ಮೂಟೆ ಇಳಿಸಲು ಬಂದವನು ಆ ಕೂಗು ಕೇಳಿದ. ಮೂಟೆಯ ಮೇಲೇ ಕುಸಿದು ಕೂತ. ಅಲ್ಲೇ ಇದ್ದ ಇಮಾಸ್ ತಂದಿಟ್ಟ ಚಹಾ ತಣ್ಣಗಾಯಿತು.

"ಅಬಾ ಸತ್ತೋಗ್ತಾರೆ ಕಣೇ," ಎಂದ ಕೊನೆಗೆ.

"ಸಾಯಲ್ಲ. ಕೇಳಿಸ್ಕೊತಾರೆ ಅಷ್ಟೆ."

"ಲಿಲಿಸ್‌ಗಾದ್ರೂ ಒಂದು ಮಾತು..."

"ಸ್ಪರ್ಧೆ ಮುಗೀಲಿ. ನಾನೇ ಹೇಳ್ತೀನಿ. ಗುಂತುರ್ ದನಿ ಕೇಳಿದ ಮೇಲೆ ಅದನ್ನ ಯಾರು ತಾನೇ ಮೈದಾನಕ್ಕೆ ತರ್ತಾರೆ? ನೀವು ಅಜ್ಜಿನ ಕುಯ್ಯೋವಾಗ ಬಾಯಿ ಮುಚ್ಕೊಂಡಿದ್ರಲ್ಲ, ಇದಕ್ಕೂ ಮುಚ್ಕೊಂಡಿರಿ."

ಯಾಯತ್ ತಣ್ಣಗಿನ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ನಾನು ಏನೂ ಕೇಳಿಸ್ಕೊಂಡಿಲ್ಲ," ಎಂದು ಎದ್ದು ಹೋದ.

ಮೂವತ್ತೆರಡನೆಯ ವಾರದ ಭಾನುವಾರ ಸ್ಪರ್ಧೆ. ಮೈದಾನದ ತುಂಬ ಎತ್ತರದ ಅಡ್ಡೆಗಳು, ಒಂದೊಂದರ ಮೇಲೆ ಒಂದೊಂದು ಹುಂಜ, ನಡುವೆ ಬಣ್ಣದ ಬಾವುಟ ಹಿಡಿದು ಕಿವಿಗೊಟ್ಟು ನಡೆಯುವ ತೀರ್ಪುಗಾರರು. ಹಿಂದಿನ ರಾತ್ರಿ ಅಕ್ಕನ ಮನೆಯಲ್ಲೇ ಉಳಿದಿದ್ದ ಇಮಾಸ್ ಅಲ್ಲಿಂದಲೇ ಕಪ್ಪು ಪಡ್ಡೆಯನ್ನು ತಂದು ಹೆಸರು ಬರೆಸಿದಳು. "ಯಾರ ಹುಂಜ?" ಎಂದು ಕೇಳಿದರೆ, "ಇಮಾಸ್, ದುಲಾ ಅವರ ಮಗಳು," ಎಂದಳು. ಬರೆದುಕೊಳ್ಳುವವನು ತಲೆಯೆತ್ತಿ ಒಮ್ಮೆ ನೋಡಿ ಬರೆದುಕೊಂಡ.

ತಿರುಗಿ ನೋಡಿದರೆ ಎರಡು ಅಡ್ಡೆ ಆಚೆ ಲಿಲಿಸ್ ನಿಂತಿದ್ದಳು. ಹೊಸ ಅಂಗಿ, ಹಸಿರು ತಲೆವಸ್ತ್ರ, ತೋಳಲ್ಲಿ ಗುಂತುರ್. ಪಕ್ಕದಲ್ಲಿ ಕೋಲೂರಿ ನಿಂತ ಅಬಾ. ಹಾಜಿಗೆ ಮಾತು ಕೊಟ್ಟಿದ್ದನಲ್ಲ. ಬರಿಗೈಯಲ್ಲಿ ಬಂದರೆ ಮರ್ಯಾದೆ ಹೋಗುತ್ತದೆಂದು ಇದ್ದುದರಲ್ಲಿ ಉತ್ತಮವಾದುದನ್ನು ಹೊರಡಿಸಿಕೊಂಡು ಬಂದಿದ್ದ. ಮೈದಾನದ ಗಾಳಿಗೆ ದನಿ ತೆರೆದುಕೊಳ್ಳುತ್ತದೆ ಎಂದು ಮೊಮ್ಮಗಳನ್ನು ನಂಬಿಸಿದ್ದ.

ಇಮಾಸ್ ಎರಡು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಪೀಪಿ ಊದಿದರು.

ಗುಂತುರ್ ರೆಕ್ಕೆ ಬಡಿಯಿತು, ಎದೆ ಉಬ್ಬಿಸಿತು, ಕೂಗಿತು. ಮೂರಂಕಣದ ಮನೆಯ ಹಿತ್ತಿಲಿಗೂ ಸಾಲದ ಕೂಗು. ಮತ್ತೆ ಕೂಗಿತು. ಹಿಂದಿನಿಂದ ಯಾರೋ, "ಇದನ್ನ ಸಾರಿಗೆ ಹಾಕ್ರಪ್ಪೋ!" ಎಂದ. ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡಿತು. "ಸುಹಾಯ ಅಬಾನ ಮನೆ ಹುಂಜವಂತೆ!" ಎಂದು ಇನ್ನೊಬ್ಬ ಸೇರಿಸಿದ. ಲಿಲಿಸ್ ಹುಂಜವನ್ನು ಇಳಿಸಿಕೊಳ್ಳಲಿಲ್ಲ. ನಿಯಮದಂತೆ ಹೊತ್ತು ಮುಗಿಯುವವರೆಗೆ ಅದರ ಪಕ್ಕದಲ್ಲೇ ನೆಟ್ಟಗೆ ನಿಂತಳು. ಕಿವಿಯ ತುದಿಗಳು ಮಾತ್ರ ಕೆಂಪಾಗಿದ್ದವು.

ಆಮೇಲೆ ಕಪ್ಪು ಪಡ್ಡೆ ಕೊರಳು ಬಗ್ಗಿಸಿತು. ನಗು ನಿಂತುಹೋಯಿತು. ಕೂಗು ಮೇಲೆದ್ದು, ನಡುವೆ ತುಂಬಿಕೊಂಡು, ಇನ್ನೇನು ಮುಗಿಯಿತು ಅನ್ನುವಲ್ಲಿ ಮತ್ತೆ ಹೊರಳಿ, ಮೆತ್ತಗೆ ನೆಲಕ್ಕಿಳಿಯಿತು. ತೀರ್ಪುಗಾರರು ಒಬ್ಬರಾದ ಮೇಲೆ ಒಬ್ಬರು ಬಂದು ಅದರ ಅಡ್ಡೆಗೆ ಬಾವುಟ ಸಿಕ್ಕಿಸಿದರು.

ಹಾಜಿ ಕೋಸಾಸಿ ಅಬಾನ ಭುಜ ಹಿಡಿದ. "ಅಬಾ, ಇದು ನಿಮ್ಮ ಲಾಯುಂಗ್ ದನಿ ಅಲ್ವಾ?"

ಅಬಾ ಕಣ್ಣು ಮುಚ್ಚಿ ನಿಂತಿದ್ದ. "ಶುರು ಅವನದು," ಎಂದ. "ಕೊನೆ ಅವನದಲ್ಲ." ಆಮೇಲೆ ಕೋಲೂರುತ್ತಾ ಸೊಸೆಯ ಎದುರಿಗೆ ಬಂದ. "ಇದರ ತಾಯಿ ಯಾವುದು?"

ಇಮಾಸ್ ಈ ಗಳಿಗೆಗಾಗಿ ಮೂವತ್ತೆರಡು ವಾರ ಅನ್ನ ಬೇಯಿಸಿದ್ದಳು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಗಡಿಗೆಗೆ ಹಾಕೋ ಕೋಳಿ ಅಬಾ. ನೀವೇ ಕೊಟ್ಟಿದ್ರಲ್ಲ? ಹಾಜಿನೇ ಸಾಕ್ಷಿ. ಕೆಂಪು ದಾರ ನಿಮ್ಮ ಮನೆಯಲ್ಲೇ ಇದೆ, ಒಂದೂ ಕಳೆದಿಲ್ಲ. ಅದು ಕಟ್ಟಿರೋ ಕೋಳಿ ಮಾತ್ರ ಬೇರೆ."

ಹಾಜಿ ತಲೆ ಕೆರೆದುಕೊಂಡ. ಸುತ್ತ ನಿಂತವರಿಗೆ ನಿಧಾನವಾಗಿ ಅರ್ಥವಾಗಿ, ಒಬ್ಬಿಬ್ಬರು ನಕ್ಕರು. ಅಬಾ ಕೋಲನ್ನು ನೆಲಕ್ಕೆ ಒತ್ತಿಹಿಡಿದ. ಇಮಾಸ್‌ಗೆ ಎದೆಯೊಳಗೆ ಬಿಸಿ ಹಾಲು ಇಳಿದಂತಾಯಿತು. ಆಗ ಅಬಾನ ಬೆನ್ನ ಹಿಂದೆ ಗುಂತುರ್‌ನನ್ನು ಅವಚಿಕೊಂಡು ನಿಂತಿದ್ದ ಲಿಲಿಸ್ ಕಂಡಳು. ಅವಳಿಗೂ ಅರ್ಥವಾಗಿತ್ತು.

ಅವತ್ತು ಅಡುಗೆಮನೆಯಲ್ಲಿ ತಾಯಿ ಮಗಳ ನಡುವೆ ನಡೆದ ಮಾತನ್ನು ಯಾಯತ್ ಬಾಗಿಲ ಆಚೆ ನಿಂತು ಕೇಳಿಸಿಕೊಂಡ.

"ನಿನಗೆ ಗೊತ್ತಿತ್ತು. ನಾನು ಅದನ್ನ ತೊಳೆಯೋವಾಗೆಲ್ಲ ನೀನು ಇಲ್ಲೇ ಇರ್ತಿದ್ದೆ."

"ಮೈದಾನಕ್ಕೆ ತರ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."

"ತರದೇ ಇದ್ದಿದ್ರೆ ಸರಿಹೋಗ್ತಿತ್ತಾ? ಏಳು ತಿಂಗಳು ಅಮ್ಮ! ಅಬಾ ಒಂದು ಕೋಳಿ ಕುಯ್ದ್ರು. ನೀನು ನನ್ನನ್ನ ಎಲ್ಲರೆದುರು ನಿಲ್ಲಿಸಿ ಕುಯ್ದೆ."

"ನೀನೂ ಬಡಿಸಿದೆಯಲ್ಲೇ! ಗೊತ್ತಿದ್ದೂ ಬಡಿಸಿದೆಯಲ್ಲ, ನಿನ್ನ ಕೈಯಾರೆ!"

"ಹೂಂ, ಬಡಿಸ್ದೆ. ನೀನು ಹಸಿದು ಬಂದಿದ್ದೆ, ಹೇಗೆ ಹೇಳೋದು ಅಂತ ನನಗೆ ತಿಳೀಲಿಲ್ಲ. ಅರ್ಧ ಗಂಟೆ ಹೇಳ್ಲಿಲ್ಲ. ನೀನು ಎಷ್ಟು ದಿನ ಹೇಳ್ಲಿಲ್ಲ?"

ಇಮಾಸ್ ಒಲೆಯ ಬೆಂಕಿ ಆರಿಸಿದಳು. ಮರುದಿನ ಬಟ್ಟೆ ಗಂಟು ಕಟ್ಟಿಕೊಂಡು ಅಕ್ಕನ ಮನೆಗೆ ಹೋದಳು. ಯಾರೂ ತಡೆಯಲಿಲ್ಲ. ಯಾಯತ್ ಬೆಳಗ್ಗೆ ಅಲ್ಲಿ ಗಂಜಿ, ಸಂಜೆ ಇಲ್ಲಿ ಅನ್ನ ಎಂದು ಎರಡು ಮನೆಗೂ ಓಡಾಡತೊಡಗಿದ. ಅವನ ಬಾಯಿಂದ ಸುದ್ದಿ ತಿಳಿಯುತ್ತಿತ್ತು: ಅಬಾ ಸರಿಯಾಗಿ ಉಣ್ಣುತ್ತಿಲ್ಲ, ಹಾಜಿ ಆ ಕಡೆ ತಲೆ ಹಾಕಿಲ್ಲ, ಲಿಲಿಸ್ ಗುಂತುರ್‌ನನ್ನು ಮಾರಲೂ ಇಲ್ಲ, ಕುಯ್ಯಲೂ ಬಿಡಲಿಲ್ಲ.

ಮೂರನೆಯ ವಾರ ಅಬಾನೇ ಬಂದ. ಬೇಲಿಯ ಹೊರಗೆ ನಿಂತ. ಇಮಾಸ್ ಒಳಗೆ ಕರೆಯಲಿಲ್ಲ. ಒನಕೆಯಿಂದ ಮೆಕ್ಕೆಜೋಳ ಕುಟ್ಟುತ್ತಲೇ ಇದ್ದಳು.

"ಒಂದು ಹೇಂಟೆ ಕೊಡು," ಎಂದ ಅಬಾ. "ಒಂದೇ ಒಂದು."

"ಯಾಕೆ ಅಬಾ? ಚೀಲಕ್ಕೇನು ಬರ ಬಂತಾ?"

"ಅಂದಿದ್ದು ತಪ್ಪು. ಆಯ್ತಾ?"

"ಏನಂದಿದ್ದು?"

ಅಬಾ ಬೇಲಿಯ ಗೂಟ ಹಿಡಿದುಕೊಂಡ. "ನಿಮ್ಮಪ್ಪನ ಕೋಳಿ ದೊಡ್ಡದು. ಅದನ್ನ ಕುಯ್ಯಿಸ್ಬಾರ್ದಾಗಿತ್ತು. ಸಾಕಾ?"

ಈ ಮಾತನ್ನು ಅವನ ಬಾಯಿಂದ ಹೊರಡಿಸಬೇಕೆಂದು ಎಷ್ಟು ಹಂಬಲಿಸಿದ್ದಳು! ಬಂದೇಬಿಟ್ಟಿತು. ಆದರೂ ಅವಳ ಒನಕೆ ನಿಲ್ಲಲಿಲ್ಲ. "ಸಾಲದು ಅಬಾ," ಎಂದಳು. "ವಾಪಸ್ ಕೇಳಲ್ಲ ಅಂತ ಹೇಳಿದ್ರಲ್ಲ, ಆ ಮಾತಿನ ಮೇಲೆ ನಿಲ್ಲಿ." ಅಬಾ ವ್ಯಾನಿಗಾಗಿ ಬಿಸಿಲಲ್ಲಿ ಅರ್ಧ ಗಂಟೆ ನಿಂತಿದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಪೂರ್ತಿಯಾಗಿ ನೋಡಿದಳು. ಜಗಲಿಯಲ್ಲಿದ್ದ ರೋಹಾನಾ, "ಒಂದು ಲೋಟ ನೀರಾದ್ರೂ ಕೊಡ್ಬೇಕಿತ್ತು ಕಣೇ," ಎಂದರೆ, "ನೀನು ಕೊಡು," ಎಂದಳು.

ಮರುದಿನ ಬೆಳಗ್ಗೆ ಲಿಲಿಸ್ ಬಂದಳು. ತಾಯಿಯ ಜೊತೆ ಮಾತಿಲ್ಲ. ದೊಡ್ಡಮ್ಮನ ಕೈ ಹಿಡಿದು ಹಣೆಗೊತ್ತಿಕೊಂಡು, ನೆಟ್ಟಗೆ ಗೂಡಿನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು. ಐದು ಹಳೆಯ ಹೇಂಟೆ, ಹದಿನೈದು ಹೊಸವು. ಮಧ್ಯಾಹ್ನದವರೆಗೆ ನೋಡಿ ಹೊರಟುಹೋದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಒಂದೊಂದನ್ನೇ ಎತ್ತಿ, ರೆಕ್ಕೆಯ ಕೆಳಗೆ ಬೆರಳಿಟ್ಟು, ಅದು ಗೊರಕ್ಕೆಂದು ಹೊರಡಿಸುವ ದನಿಯನ್ನು ಕಿವಿಗೊಟ್ಟು ಕೇಳಿದಳು. ದುಲಾ ಕೋಳಿ ನೋಡುತ್ತಿದ್ದುದೇ ಹಾಗೆ. ಇಮಾಸ್ ಅದನ್ನು ಮಗಳಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

"ಮೂಲೇಲಿರೋ ಬೂದಿ ಬಣ್ಣದ್ದು ಒಳ್ಳೇದು," ಎಂದಳು ಇಮಾಸ್, ತಡೆಯಲಾರದೆ.

"ನೀನು ಹೇಳ್ಬೇಡ."

ಲಿಲಿಸ್ ಬೂದಿ ಬಣ್ಣದ್ದನ್ನು ಎತ್ತಿ, ಕೇಳಿ, ಕೆಳಗಿಟ್ಟಳು. ಆಮೇಲೆ ಎಲ್ಲಕ್ಕಿಂತ ಹಿಂದೆ, ನೋಡಲಿಕ್ಕೆ ಏನೂ ಅಲ್ಲದ, ಸಣ್ಣ ಜುಟ್ಟಿನ ಒಂದು ಕಂದು ಹೇಂಟೆಯನ್ನು ಎತ್ತಿದಳು. ಬಹಳ ಹೊತ್ತು ಕಿವಿಗೊಟ್ಟಳು. ಕೆಳಗಿಡಲಿಲ್ಲ. ಆ ಹೇಂಟೆಯನ್ನು ಯಾರಿಗೂ ತೋರಿಸಬಾರದೆಂದೇ ಇಮಾಸ್ ಹಿಂದೆ ಇಟ್ಟಿದ್ದಳು.

"ಇದು ನನಗೆ ಬೇಕು. ನೀನು ನನಗೆ ಏಳು ತಿಂಗಳು ಬಾಕಿ ಇದ್ದೀಯ."

"ತಗೋ. ನಿನಗಾದ್ರೆ ತಗೋ. ಆದ್ರೆ ಆ ಮನೆಗೆ ಹೋಗ್ಬಾರ್ದು."

"ಆ ಮನೆಗೇ ಹೋಗುತ್ತೆ. ಲಾಯುಂಗ್ ಇರೋದು ಅಲ್ಲೇ."

"ಅಬಾನೇ ನಿನ್ನನ್ನ ಕಳಿಸಿದ್ರಾ?"

"ನನ್ನನ್ನ ಯಾರೂ ಕಳಿಸಿಲ್ಲ. ಇದು ನಂದಾ ಅಲ್ವಾ, ಮೊದಲು ಅದು ಹೇಳು."

"ನಿಂದೇ."

"ನಂದಾದ್ರೆ ಎಲ್ಲಿಗೆ ಹೋಗ್ಬೇಕು ಅನ್ನೋದು ನನಗೆ ಸೇರಿದ್ದು. ಅಬಾ ನಿನಗೆ ಕೊಟ್ಟ ಮೇಲೆ ನೀನು ಹೇಳಿದ್ದೂ ಅದೇ ಅಲ್ವಾ?"

ರೋಹಾನಾ ಜಗಲಿಯಿಂದ ಕೆಮ್ಮಿದಳು. ಇಮಾಸ್ ಮಗಳ ಹಿಂದೆಯೇ ರಸ್ತೆಯವರೆಗೆ ನಡೆದಳು. ಇಬ್ಬರೂ ಮಾವಿನ ಮರದ ಕೆಳಗೆ ವ್ಯಾನಿಗೆ ಕಾದು ನಿಂತರು. ಬುಟ್ಟಿಯೊಳಗೆ ಹೇಂಟೆ ಮೆಲ್ಲಗೆ ಗೊಣಗುತ್ತಿತ್ತು.

"ಮುಂದಿನ ಸ್ಪರ್ಧೆಗೆ ಯಾರ ಹೆಸರಲ್ಲಿ ಬರೆಸ್ತೀಯ? ಅಬಾ ಹೆಸರಲ್ಲಾ?"

"ನನ್ನ ಹೆಸರಲ್ಲಿ." ಲಿಲಿಸ್ ಮೊದಲ ಬಾರಿಗೆ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಒಂದು ಕಡೆ ಅಬಾ ಹುಂಜ, ಇನ್ನೊಂದು ಕಡೆ ನಿನ್ನ ಹುಂಜ. ಮಧ್ಯದಲ್ಲಿ ನಂದು. ಅವತ್ತು ನೀವಿಬ್ಬರೂ ನೆಲ ನೋಡ್ಕೊಂಡು ಮನೆಗೆ ಹೋಗ್ಬೇಕು. ನಾನು ನಿಂತು ನೋಡ್ತೀನಿ."

ತಮಾಷೆಯೋ ಎಂದು ಇಮಾಸ್ ಮಗಳ ತುಟಿಯನ್ನು ನೋಡಿದಳು. ತಮಾಷೆಯಾಗಿರಲಿಲ್ಲ.

ವ್ಯಾನು ಬಂದು ನಿಂತಿತು. ಲಿಲಿಸ್ ಹತ್ತಿ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತಳು. ಆ ಕಂದು ಹೇಂಟೆ ಜಾಗ ಬದಲಾದರೆ ಕಾಳು ಮುಟ್ಟುವುದಿಲ್ಲ, ಮೊದಲೆರಡು ದಿನ ಬಾಳೆಹಣ್ಣನ್ನೇ ಹಿಸುಕಿ ತಿನ್ನಿಸಬೇಕು ಎಂದು ಹೇಳಲು ಇಮಾಸ್ ಕಿಟಕಿಯ ಹತ್ತಿರ ಓಡಿದಳು. ಬಾಯಿ ತೆರೆಯುವ ಮುನ್ನವೇ ಕಂಡಿತು: ಲಿಲಿಸ್ ಚೀಲದಿಂದ ಪುಟ್ಟ ಬಾಳೆಹಣ್ಣೊಂದನ್ನು ತೆಗೆದು, ಸುಲಿದು, ಬೆರಳ ತುದಿಯಲ್ಲಿ ಹಿಸುಕಿ, ಬುಟ್ಟಿಯ ಸಂದಿಯೊಳಗೆ ಹಿಡಿದಿದ್ದಳು. ಹೇಂಟೆ ಅದನ್ನು ಒಂದೊಂದೇ ಕುಕ್ಕಾಗಿ ತಿನ್ನುತ್ತಿತ್ತು.

ವ್ಯಾನು ಹೊರಟಿತು. ಲಿಲಿಸ್ ತಲೆಯೆತ್ತಲಿಲ್ಲ.